ಐವತ್ತೆರಡು ಗ್ರಾಂ

ಸೋಲೋ ಊರಿನ ಹಕ್ಕಿಸಂತೆಯ ಹಿಂದಿನ ಗಲ್ಲಿ.
ಮೋಟಾರು ರಿಪೇರಿಯಂಗಡಿಗೂ
ತೆಂಪೆ ಕರಿಯುವವಳ ಬಂಡಿಗೂ ನಡುವೆ
ನನ್ನ ಚಿಕಿತ್ಸಾಲಯ: ಒಂದು ಮೇಜು, ಒಂದು ದೀಪ,
ಲವಂಗ ತೂಗುವ ತಕ್ಕಡಿ.

ತುಕಿರಾನ್ ಬಂದದ್ದು ಬಾಗಿಲು ಹಾಕುವ ಹೊತ್ತಿಗೆ.
ಪಂಜರಕ್ಕೆ ಬಾತಿಕ್ ಬಟ್ಟೆ ಸುತ್ತಿದ್ದ,
ಬಾಣಂತಿ ಕೋಣೆಗೆ ಪರದೆ ಕಟ್ಟಿದ ಹಾಗೆ.
ನಲವತ್ತು ವರ್ಷ ಗಾಂಗ್ ಬಡಿದ ಕೈ;
ಕೆಂಡದಿಂದೆತ್ತಿದ ಕಂಚು ಬಡಿದೂ ಬಡಿದೂ
ಹೆಬ್ಬೆರಳು ಗೆಣಸು, ಬಲಗಿವಿ ಕಲ್ಲು.
ಎಡಗಿವಿಗೆ ಉಳಿದದ್ದಿಷ್ಟು:
ಬೆಳಗಿನ ಐದಕ್ಕೆ ಈ ಪುಟ್ಟ ಬೆಳವ ಹೇಳುವ
ಹೂರ್, ಕೆಟೆಕ್, ಕುಂಗ್.

"ಮೂರು ದಿನದಿಂದ ಕುಂಗ್ ಇಲ್ಲ," ಅಂದ.
"ಹೂರ್ ಅನ್ನುತ್ತೆ. ಅಲ್ಲಿಗೇ ನಿಲ್ಲುತ್ತೆ."

ಹೋದ ತಿಂಗಳು ಅರವತ್ತೊಂದು ಗ್ರಾಂ. ಈಗ ಐವತ್ತೆರಡು.
ಪುಕ್ಕ ಉಬ್ಬಿಸಿ ದುಂಡಗೆ ಕೂತಿದೆ, ನಂಬಬಾರದು;
ಒಳಗೆ ಎದೆಮೂಳೆ ಚೂರಿಯಂಚು.
ಬಡವರು ಹಸಿವನ್ನು ಮುಚ್ಚಿಟ್ಟ ಹಾಗೆ
ಹಕ್ಕಿಗಳು ಕಾಯಿಲೆ ಮುಚ್ಚಿಡುತ್ತವೆ,
ಇನ್ನಾಗದು ಅನ್ನಿಸಿದ ದಿನ ನನ್ನಲ್ಲಿಗೆ ಬರುತ್ತವೆ.

ಹೇಳಿದೆ. ಹೇಳುವುದು ನನ್ನ ಕಸುಬು.
ದಿನಕ್ಕೆ ನಾಲ್ಕು ಸಲ ಹಿಡಿಯಬೇಕು,
ಗಂಟಲಿಗೆ ನಳಿಗೆ ಇಳಿಸಿ ಗಂಜಿ ಹೊಯ್ಯಬೇಕು,
ಎದೆಯ ಮಾಂಸಕ್ಕೆ ಸೂಜಿ, ಎರಡು ಹೊತ್ತು.
ಇಲ್ಲವೇ ಬೆಚ್ಚನೆ ದೀಪ, ಸುತ್ತ ಕತ್ತಲೆ,
ನೀರಿನಲ್ಲಿ ನಾಲ್ಕು ಹನಿ. ಮತ್ತೆ, ಮುಟ್ಟದೆ ಇರುವುದು.

"ಮುಟ್ಟದೆ ಇರುವುದೂ ಮದ್ದೇ?"
"ಮದ್ದೇ. ಕೆಲವೊಮ್ಮೆ ಸೋಮಾರಿತನ."
"ಯಾವಾಗ ಯಾವುದು?"

ಹೇಳದೆ ನುಂಗಿದ್ದು ಆ ಕ್ಯಾನರಿಯ ಸಂಗತಿ.
ಎಂಟನೇ ಸೂಜಿ. ಔಷಧಿ ಸರಿ, ಅಳತೆ ಸರಿ,
ರೋಗವೂ ಇಳಿಮುಖ. ನನ್ನ ಮುಷ್ಟಿಯೊಳಗೆ
ಎದೆ ಓಡಿತು ಓಡಿತು, ನಿಂತಿತು.
ಅಂದಿನಿಂದ ಮೆತ್ತಗಾಗಿದ್ದೇನೆ.
ಅದು ಕರುಣೆಯೋ ಅಂಜಿಕೆಯೋ,
ತೊಳೆದ ಕೈ ಮೂಸಿದರೆ ತಿಳಿಯುವುದಿಲ್ಲ.

ಗಾಂಗಿನ ಮಾತು ಎತ್ತುತ್ತಾನೆಂದು ಕಾದೆ:
ಜೋರಾದರೆ ಬಿರುಕು, ಮೆಲ್ಲಗಾದರೆ ಮೂಕ,
ಹೀಗೇನೋ ಒಂದು. ಎತ್ತಲಿಲ್ಲ. ನಾನೇ ಕೆಣಕಿದೆ.
"ಕಂಚು ಬಿರಿದರೆ ಕರಗಿಸಿ ಮತ್ತೆ ಎರೆಯುತ್ತೇವೆ,
ಡಾಕ್ಟರಮ್ಮ. ಇದಕ್ಕೂ ಅದಕ್ಕೂ ಎಲ್ಲಿಯ ಹೋಲಿಕೆ?"

ಹೆಂಡತಿ ವಗಿಯೆಮ್, ಬೆನ್ನಿಗೆ ಬಾಟಲಿಬುಟ್ಟಿ ಕಟ್ಟಿ
ಬೀದಿಬೀದಿ ಜಾಮು ಕಷಾಯ ಮಾರುವವಳು,
ಅಲ್ಲಿಯವರೆಗೂ ಬಾಗಿಲಲ್ಲೇ ಇದ್ದಳು.
"ಹಿಡಿದಾಗ ಅದಕ್ಕೇನನಿಸುತ್ತೆ?"
"ಹಾವು ಹಿಡಿದ ಹಾಗೆ," ಅಂದೆ. "ಪ್ರತಿ ಸಲವೂ."
"ಇವರು ಹಿಡಿದರೂ?"

ಅದನ್ನು ಯಾವ ಪುಸ್ತಕವೂ ನನಗೆ ಕಲಿಸಿರಲಿಲ್ಲ.

ತುಕಿರಾನ್ ಪಂಜರದೊಳಗೆ ಅಂಗೈ ಇಟ್ಟು ಕೂತ.
ಹಕ್ಕಿ ಹತ್ತಲಿಲ್ಲ.
ಸರಿಯಲೂ ಇಲ್ಲ.

ಐವತ್ತಕ್ಕೆ ಗೆರೆ ಎಳೆದೆವು.
ಇವತ್ತೊಂದು ರಾತ್ರಿ ದೀಪದ ಕಾವು;
ಬೆಳಿಗ್ಗೆ ಗೆರೆಯ ಕೆಳಗಿಳಿದರೆ ನಳಿಗೆ.
ವಗಿಯೆಮ್ ಬುಟ್ಟಿಯಿಂದ ಬೇಯಿಸಿದ ಮೊಟ್ಟೆ ತೆಗೆದು
ಸಿಪ್ಪೆ ಸುಲಿದು ಅವನ ಕೈಗಿಟ್ಟಳು.
ಎದೆ ಅಮುಕಬೇಡ, ಕತ್ತಿನ ಬಳಿ ಎರಡು ಬೆರಳು ಸಾಕು,
ಎದೆ ಅಲುಗಿದರೆ ಮಾತ್ರ ಹಕ್ಕಿಗೆ ಉಸಿರು, ಅಂದೆ.
ನಡುರಾತ್ರಿಯವರೆಗೆ ಆ ಮುದುಕ
ಮೊಟ್ಟೆ ಹಿಡಿಯುವುದು ಕಲಿತ.
ಮೂರು ಒಡೆದವು. ನಾವೇ ತಿಂದೆವು, ಉಪ್ಪು ಹಾಕಿ.

ಬೆಳಿಗ್ಗೆ ನಲವತ್ತೊಂಬತ್ತೂವರೆ.

ಅರ್ಧ ಗ್ರಾಂ. ಎರಡು ಮೂರು ಲವಂಗದ ತೂಕ.
ಇನ್ನೊಮ್ಮೆ ತೂಗೋಣವೇ, ಅಂದೆ ನಾನು.
ಅವನು ಬೇಡವೆಂದ. ಕೈ ಒಳಗೆ ಹಾಕಿದ.
ಸಡಿಲ ಬಿಡು ಅನ್ನಲು ಬಾಯಿ ತೆರೆದೆ;
ಸಡಿಲವಾಗಿಯೇ ಇತ್ತು. ನಡುಗಿದ್ದು ನನ್ನ ಕೈ.
ನಳಿಗೆ ಇಳಿಯಿತು. ನಾಲ್ಕು ಎಣಿಸುವಷ್ಟು ಹೊತ್ತು.
ಸೂಜಿ. ಮತ್ತೆ ಬಟ್ಟೆ, ಮತ್ತೆ ಕತ್ತಲೆ.

ಹಕ್ಕಿ ಬದುಕಿದೆ, ಇಷ್ಟು ಬರೆಯುವ ಹೊತ್ತಿಗೆ.
ಒಮ್ಮೆ ಹೂರ್ ಅಂದಿತು.
ತುಕಿರಾನ್ ಎಡಗಿವಿಯನ್ನು ಸರಳಿಗೆ ಆನಿಸಿ ಕೂತಿದ್ದಾನೆ.
ಎರಡನೇ ಸರದಿಗೆ ಇನ್ನು ಮೂರು ಗಂಟೆ.